ಹೊನ್ನಾವರದ ಹದಿಮೂರು ಶಾಲೆಗಳು

ಶರಾವತಿ ಕಡಲು ಸೇರುವ ಹೊನ್ನಾವರಕ್ಕೆ 1342ರ ಸುಮಾರಿಗೆ ಬಂದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ, ಆ ಪುಟ್ಟ ಬಂದರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡರು. ಇಂಥದ್ದನ್ನು ಬೇರೆಲ್ಲೂ ನೋಡಿಲ್ಲವೆಂದೂ, ಇಲ್ಲಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವೆಂದೂ ಬರೆದರು. ದೇಶ ದೇಶ ಸುತ್ತಿದವರ ಮಾತಿದು.

ಹಾಗಿರುವಾಗ, ಹೆಣ್ಣುಮಕ್ಕಳ ಓದು ನಮ್ಮ ಸಂಪ್ರದಾಯವಲ್ಲ ಎನ್ನುವ ನಮ್ಮ ಕೇರಿಗಳ ಹಿರಿಯರು ಯಾವ ಸಂಪ್ರದಾಯದ ಮಾತಾಡುತ್ತಿದ್ದಾರೆ? ಮುಸ್ಲಿಮರು ಹೆಣ್ಣುಮಕ್ಕಳನ್ನು ಓದಿಸುವುದಿಲ್ಲ ಎಂದು ಹಂಗಿಸುತ್ತಲೇ, 2022ರಲ್ಲಿ ಕರಾವಳಿಯ ಕಾಲೇಜುಗಳ ಗೇಟಿನಲ್ಲಿ ಶಿರವಸ್ತ್ರ ಧರಿಸಿದ ವಿದ್ಯಾರ್ಥಿನಿಯರನ್ನು ತಡೆದಾಗ ಚಪ್ಪಾಳೆ ತಟ್ಟಿದವರ ಕಾಳಜಿ ಎಂಥದ್ದು? ಒಬ್ಬರು ಹೊಸಿಲಲ್ಲಿ ತಡೆಯುತ್ತಾರೆ, ಇನ್ನೊಬ್ಬರು ಗೇಟಿನಲ್ಲಿ. ಹೊರಗುಳಿಯುವವಳು ಅದೇ ಹುಡುಗಿ.

ಬಂದರಿನ ಚರಿತ್ರೆ ಬರೆಯುವವರೇ, ಮೆಣಸು, ಹಡಗು, ಕಾಳಗಗಳ ಜೊತೆಗೆ ಈ 13 ಶಾಲೆಗಳನ್ನೂ ಬರೆಯಿರಿ. ಖತೀಬರೇ, ಒಂದು ಶುಕ್ರವಾರ ನೀವೂ ಇದನ್ನು ಹೇಳಿ.