ಗ್ಯಾಸ್ಟ್ರೈಟಿಸ್‌ನಲ್ಲೂ ಲೋಪಸಂಧಿ ಇದೆ

ನರ್ಸಿಂಗ್ ಶಾಲೆಯಲ್ಲಿ 26 ವರ್ಷ ಪಾಠ ಹೇಳಿದ್ದೇನೆ. ಚಳ್ಳಕೆರೆ, ಮೊಳಕಾಲ್ಮುರು, ಹೊಸದುರ್ಗದ ಕಡೆಯಿಂದ ಬರುತ್ತಿದ್ದ ಹುಡುಗಿಯರಲ್ಲಿ ಹೆಚ್ಚಿನವರು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದವರು. ಮೊದಲ ತಿಂಗಳು ಅವರ ನೋಟ್‌ಬುಕ್ ತೆರೆದರೆ ರೋಗಗಳ ಹೆಸರೆಲ್ಲ ಕನ್ನಡ ಲಿಪಿಯಲ್ಲಿ ಇರುತ್ತಿದ್ದವು. ಬೆಳಗಿನ ಜಾವ ಎದ್ದು ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಅವನ್ನು ಬಾಯಿಪಾಠ ಮಾಡುತ್ತಿದ್ದರು. ಕೊಲಿಸಿಸ್ಟೆಕ್ಟಮಿ ಬಂದಾಗ ನಾಲಿಗೆ ತೊಡರುತ್ತಿತ್ತು. ಒಮ್ಮೆ ಮರೆತರೆ ಮತ್ತೆ ಹುಡುಕಿ ತರಲು ದಾರಿ ಇರುತ್ತಿರಲಿಲ್ಲ.

ದಡ್ಡತನ ಅದಕ್ಕೆ ಕಾರಣವಲ್ಲ. ಪದವನ್ನು ಬಿಡಿಸಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ‘ಕೊಲಿ’ ಅಂದರೆ ಪಿತ್ತ, ‘ಸಿಸ್ಟ್’ ಅಂದರೆ ಚೀಲ, ‘ಎಕ್ಟಮಿ’ ಅಂದರೆ ಕತ್ತರಿಸಿ ತೆಗೆಯುವುದು. ಪಿತ್ತಕೋಶ ತೆಗೆಯುವ ಆಪರೇಷನ್, ಅಷ್ಟೇ. ಇದೇ ಬಾಲ ಹಿಸ್ಟರೆಕ್ಟಮಿಗೂ ಇದೆ, ಅಪೆಂಡೆಕ್ಟಮಿಗೂ ಇದೆ. ಬಾಲ ‘ಆಸ್ಟಮಿ’ ಆದರೆ ಹೊರಗೆ ಒಂದು ಬಾಯಿ ತೆರೆದಿದ್ದಾರೆ ಎಂದರ್ಥ. ಕೊಲೆಕ್ಟಮಿ ಆದವರ ಕರುಳಿನ ಭಾಗ ಹೋಗಿರುತ್ತದೆ. ಕೊಲಾಸ್ಟಮಿ ಆದವರ ಹೊಟ್ಟೆಯ ಮೇಲೆ ಚೀಲ ಕಟ್ಟಿರುತ್ತದೆ. ಶುಶ್ರೂಷೆ ಮಾಡುವವಳಿಗೆ ಈ ವ್ಯತ್ಯಾಸ ಪರೀಕ್ಷೆಯ ಅಂಕಕ್ಕಿಂತ ದೊಡ್ಡದು.

ಒಂದು ದಿನ ಬೋರ್ಡಿನ ಮೇಲೆ ‘ಊರು + ಅಲ್ಲಿ = ಊರಲ್ಲಿ’ ಎಂದು ಬರೆದೆ. ಹೈಸ್ಕೂಲಿನ ಲೋಪಸಂಧಿ, ಎಲ್ಲರಿಗೂ ಗೊತ್ತು. ಅದರ ಕೆಳಗೆ ‘ಗ್ಯಾಸ್ಟ್ರೋ + ಐಟಿಸ್ = ಗ್ಯಾಸ್ಟ್ರೈಟಿಸ್’ ಎಂದು ಬರೆದೆ. ಜಠರ, ಉರಿಯೂತ. ನಡುವಿನ ‘ಓ’ ಲೋಪ. ಗ್ಯಾಸ್ಟ್ರೋಸ್ಕೋಪಿಯಲ್ಲಿ ಮುಂದೆ ವ್ಯಂಜನ ಇರುವುದರಿಂದ ‘ಓ’ ಹಾಗೇ ಉಳಿಯುತ್ತದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಮೇಡಂ, ಗ್ಯಾಸ್ಟ್ರೋಎಂಟರೈಟಿಸ್‌ನಲ್ಲಿ ಸ್ವರದ ಮುಂದೆ ಸ್ವರ ಇದೆಯಲ್ಲ, ಯಾಕೆ ಹೋಗಲಿಲ್ಲ?” ಎರಡು ಅಂಗಗಳ ಹೆಸರು ಜೋಡಿಸುವಾಗ ‘ಓ’ ಉಳಿಸಿಕೊಳ್ಳುತ್ತಾರೆ ಎಂದೆ. “ಹಾಗಾದರೆ ಅದು ಪ್ರಕೃತಿಭಾವ” ಎಂದಳು. ಅಷ್ಟು ವರ್ಷದಲ್ಲಿ ನನಗೇ ಹೊಳೆಯದ ಮಾತು ಅದು. ಅಲ್ಲಿಯವರೆಗೆ ಅವಳು ತರಗತಿಯಲ್ಲಿ ಬಾಯಿ ತೆರೆದದ್ದನ್ನು ನಾನು ಕಂಡಿರಲಿಲ್ಲ.

ಕನ್ನಡ ಬಲ್ಲವರ ಕೈಯಲ್ಲಿ ಇನ್ನೊಂದು ಬೀಗದಕೈ ಇದೆ. ವೈದ್ಯಕೀಯ ಪದಗಳ ತುಂಡುಗಳು ಬಹುಪಾಲು ಗ್ರೀಕ್, ಲ್ಯಾಟಿನ್ ಮೂಲದವು. ಆ ಭಾಷೆಗಳು ಸಂಸ್ಕೃತದ ದಾಯಾದಿಗಳು. ಸಂಸ್ಕೃತದ ಉಪಸರ್ಗಗಳು ನಮ್ಮ ಮಾತಿನಲ್ಲಿ ಬೆರೆತು ಎಷ್ಟೋ ಕಾಲವಾಯಿತು. ಅಶಕ್ತಿಯಲ್ಲಿ ‘ಅ’, ಮುಂದೆ ಸ್ವರ ಬಂದರೆ ಅನಾರೋಗ್ಯದ ‘ಅನ್’. ಗ್ರೀಕಿನಲ್ಲೂ ಇದೇ ನಿಯಮ: ಉಸಿರು ನಿಂತರೆ ಆಪ್ನಿಯಾ, ಮೂತ್ರ ನಿಂತರೆ ಅನ್ಯೂರಿಯಾ. ದುರ್ಬಲದ ‘ದುರ್’ ಅಲ್ಲಿ ‘ಡಿಸ್’ ಆಗುತ್ತದೆ. ಡಿಸ್ಪ್ನಿಯಾ ಎಂದರೆ ಉಸಿರಾಟದ ಕಷ್ಟ. ಹೃದಯದ ಸುತ್ತಲಿನ ಪೊರೆ ಪೆರಿಕಾರ್ಡಿಯಂ. ಆ ‘ಪೆರಿ’ ನಮ್ಮ ಪರಿಸರದ ‘ಪರಿ’.

ನನಗೆ ಎಲ್ಲಕ್ಕಿಂತ ಮುಖ್ಯವಾದ ಜೋಡಿ ಹೈಪರ್ ಮತ್ತು ಹೈಪೋ. ನಾನು ವಾರ್ಡಿನಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಒಂದು ರಾತ್ರಿ, ಡ್ಯೂಟಿ ಬದಲಾಗುವ ಗದ್ದಲದಲ್ಲಿ, ಹೈಪೋಗ್ಲೈಸೀಮಿಯಾ ಎಂದದ್ದನ್ನು ವಿದ್ಯಾರ್ಥಿನಿಯೊಬ್ಬಳು ಹೈಪರ್ ಎಂದು ಬರೆದುಕೊಂಡಳು. ರೋಗಿಯ ಸಕ್ಕರೆ 52ಕ್ಕೆ ಇಳಿದಿತ್ತು. 70ಕ್ಕಿಂತ ಕೆಳಗಿಳಿದರೇ ಅಪಾಯ. ಆ ಚೀಟಿ ನಂಬಿ ಇನ್ಸುಲಿನ್ ಕೊಟ್ಟಿದ್ದರೆ ಆತ ಬೆಳಗು ಕಾಣುತ್ತಿರಲಿಲ್ಲವೇನೋ. ಹಿರಿಯ ಸಿಸ್ಟರ್ ಗ್ಲುಕೋಮೀಟರ್ ನೋಡಿ ತಡೆದರು. ಹುಡುಗಿ ಬೈಸಿಕೊಂಡು ಅತ್ತಳು. ಹೈಪರ್ ನಮ್ಮ ‘ಉಪರಿ’ಯ ನಂಟ, ಮೇಲೆ, ಹೈಪೋ ‘ಉಪ’ದ ನಂಟ, ಉಪಾಧ್ಯಕ್ಷರು ಅಧ್ಯಕ್ಷರಿಗಿಂತ ಕೆಳಗೆ. ಇಷ್ಟನ್ನು ಅವಳಿಗೆ ಮೊದಲೇ ಹೇಳಿಕೊಡದೆ ಇದ್ದದ್ದು ಕಲಿಸುವ ನಮ್ಮೆಲ್ಲರ ತಪ್ಪು.

ತುಂಡುಗಳೇ ಎಲ್ಲವನ್ನೂ ಹೇಳುವುದಿಲ್ಲ, ನಿಜ. ಮಲೇರಿಯಾ ಎಂದರೆ ಇಟಾಲಿಯನ್‌ನಲ್ಲಿ ಕೆಟ್ಟ ಗಾಳಿ. ಸಿಕಂದರಾಬಾದಿನಲ್ಲಿ 1897ರಲ್ಲಿ ರೊನಾಲ್ಡ್ ರಾಸ್ ಅದರ ಪರಾವಲಂಬಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡರು, ಹೆಸರು ಮಾತ್ರ ಬದಲಾಗಲಿಲ್ಲ. ನಮ್ಮ ಮನೆಗಳಲ್ಲಿ ಎದೆ ಉರಿದರೂ ನೋವಾದರೂ “ಗ್ಯಾಸ್ಟ್ರಿಕ್” ಅನ್ನುತ್ತೇವೆ. ಅದು ಗ್ಯಾಸ್‌ನಿಂದ ಬಂದ ಪದವಲ್ಲ, ಜಠರಕ್ಕಿರುವ ಗ್ರೀಕ್ ಹೆಸರಿನಿಂದ ಬಂದದ್ದು. ಗ್ಯಾಸ್ ಎಂದುಕೊಂಡು ಸೋಡಾ ಕುಡಿಸಿ, ಹೃದಯಾಘಾತದವರನ್ನು ತಡವಾಗಿ ಕರೆತಂದವರನ್ನು ನಾನು ನೋಡಿದ್ದೇನೆ.

ಬಿ.ಎಸ್ಸಿ. ನರ್ಸಿಂಗ್‌ನ ಈಗಿನ ಪಠ್ಯಕ್ರಮದ ಮೊದಲ ಸೆಮಿಸ್ಟರ್‌ನಲ್ಲಿ ಕಮ್ಯುನಿಕೇಟಿವ್ ಇಂಗ್ಲಿಷ್ ಇದೆ, ಅನಾಟಮಿ ಇದೆ. ಇವೆರಡರ ನಡುವೆ ಸೇತುವೆ ಬೇಕು. ಮೊದಲ ಎರಡು ವಾರ ದಿನಕ್ಕೊಂದು ಗಂಟೆ ಮೀಸಲಿಟ್ಟು, ನೂರು ತುಂಡುಗಳನ್ನು ಕನ್ನಡದಲ್ಲೇ ಬಿಡಿಸಿ ಹೇಳಿಕೊಡಿ. ಪರೀಕ್ಷೆ ಇಂಗ್ಲಿಷಿನಲ್ಲೇ ಇರಲಿ, ನನ್ನ ತಕರಾರಿಲ್ಲ. “ತರಗತಿಯಲ್ಲಿ ಕನ್ನಡ ಆಡಬಾರದು” ಎಂಬ ಫಲಕ ಇರುವ ಕಡೆ ದಯವಿಟ್ಟು ಆ ಎರಡು ವಾರವಾದರೂ ಅದನ್ನು ಗೋಡೆಯಿಂದ ಇಳಿಸಿಡಿ.