ಹಳೇ ಟ್ರ್ಯಾಕ್ಟರಿಗೆ ಎಲ್‌ಇಡಿ: ಬಲ್ಬಿಗಿಂತ ಮೊದಲು ವೈರು

ಯಲಹಂಕ ದಾಟಿ ರಾಜಾನುಕುಂಟೆ, ಹೆಸರಘಟ್ಟ, ಬಾಗಲೂರು ಕಡೆ ಹೋದರೆ ಅಪಾರ್ಟ್‌ಮೆಂಟುಗಳ ನಡುವೆ ಇನ್ನೂ ಒಂದಿಷ್ಟು ದ್ರಾಕ್ಷಿ ತೋಟ, ನರ್ಸರಿ, ರಾಗಿ ಹೊಲ ಉಳಿದಿವೆ. ಅವುಗಳ ಜೊತೆಗೇ ಉಳಿದುಕೊಂಡಿರುವುದು ಮಿನಿ ಟ್ರ್ಯಾಕ್ಟರು. ದೊಡ್ಡ ಟ್ರ್ಯಾಕ್ಟರ್ ನುಗ್ಗದ ಸಾಲುಗಳ ಮಧ್ಯೆ ಔಷಧಿ ಟ್ಯಾಂಕು ಎಳೆದುಕೊಂಡು ಓಡಾಡುವುದು ಅದೇ. 1967ರಲ್ಲಿ ಜಪಾನಿನ ಮಿತ್ಸುಬಿಶಿ ಸಹಯೋಗದಲ್ಲಿ ಬೆಂಗಳೂರಿನಲ್ಲೇ ಶುರುವಾದ ವಿಎಸ್‌ಟಿ ಕಂಪನಿಯ ಟಿಲ್ಲರುಗಳು, ಹದಿನೆಂಟೂವರೆ ಅಶ್ವಶಕ್ತಿಯ ‘ಶಕ್ತಿ’ ಮಿನಿ ಟ್ರ್ಯಾಕ್ಟರುಗಳು ರೈತರಿಗೆ ಹಳೇ ಪರಿಚಯ. ಜಾಲಹಳ್ಳಿಯ ಎಚ್‌ಎಂಟಿ ಎಂದರೆ ನಮಗೆ ನೆನಪಾಗುವುದು ಕೈಗಡಿಯಾರ; ಅದೇ ಸಂಸ್ಥೆ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರನ್ನೂ ತಯಾರಿಸುತ್ತಿತ್ತು. ಅಮೆರಿಕದಲ್ಲಿ 1961ರ ಕಬ್ ಕೆಡೆಟ್, 1963ರ ಜಾನ್ ಡೀರ್ 110ರಂಥ ಗಾರ್ಡನ್ ಟ್ರ್ಯಾಕ್ಟರುಗಳನ್ನು ಹವ್ಯಾಸಕ್ಕಾಗಿ ತಿಕ್ಕಿ ತೊಳೆದು ಇಟ್ಟುಕೊಳ್ಳುವವರಿದ್ದಾರೆ. ನಮ್ಮಲ್ಲಿ ಹಳೇ ಗಾಡಿ ಎಂದರೆ ಇನ್ನೂ ದುಡಿಯುತ್ತಿರುವ ಗಾಡಿ.

ಅದರ ಹೆಡ್‌ಲೈಟ್ ಮಂಕಾಗಿರುತ್ತದೆ. ಹೊಲಕ್ಕೆ ಹೊಲ ಅಂಟಿಕೊಂಡಿದ್ದ ಕಾಲದಲ್ಲಿ ಅದೊಂದು ದೊಡ್ಡ ವಿಷಯವಾಗಿರಲಿಲ್ಲ. ಈಗ ಶೆಡ್ಡಿನಿಂದ ತೋಟಕ್ಕೆ ಹೋಗಬೇಕಾದರೆ ದೊಡ್ಡಬಳ್ಳಾಪುರ ರಸ್ತೆಯನ್ನೋ ಬಳ್ಳಾರಿ ರಸ್ತೆಯ ಸರ್ವಿಸ್ ರೋಡನ್ನೋ ಹಿಡಿಯಬೇಕು. ರಾಗಿ ಕೊಯ್ಲಿನ ಹೊತ್ತಿಗೆ ಬೆಳಗಿನ ಮಂಜೂ ಸೇರಿಕೊಳ್ಳುತ್ತದೆ. ಹಾಗಾಗಿ ಅಂಗಡಿಗೆ ಹೋಗಿ, ಹಳೇ ಹೋಲ್ಡರಿಗೇ ಕೂರುವ ಎಲ್‌ಇಡಿ ಬಲ್ಬು ತಂದು ಹಾಕಿಸುವುದು ಮಾಮೂಲಾಗಿದೆ. ಹತ್ತು ನಿಮಿಷದ ಕೆಲಸ. ಆಮೇಲೆ ಗಾಡಿಯ ಮುಂದೆ ಬೆಳ್ಳಗೆ ಬೆಳಕು ಚೆಲ್ಲಿದ್ದು ಕಾಣುತ್ತದೆ, ಆದರೆ ಇಪ್ಪತ್ತು ಮೀಟರ್ ಆಚೆಯ ಹಳ್ಳ ಕಾಣುವುದಿಲ್ಲ. ಎದುರಿನ ಬೈಕಿನವನಂತೂ ಕಣ್ಣು ಮುಚ್ಚಿಕೊಳ್ಳುತ್ತಾನೆ.

ಯಾಕೆ ಹೀಗಾಗುತ್ತದೆ ಎಂದು ತಿಳಿಯಲು ಹೆಡ್‌ಲೈಟಿನ ಡೂಮಿನ ಒಳಗೆ ಇಣುಕಬೇಕು. ಹೆಡ್‌ಲೈಟಿನಲ್ಲಿ ಬಲ್ಬು ಬೆಳಕು ಹುಟ್ಟಿಸುತ್ತದೆ ಅಷ್ಟೇ. ಅದನ್ನು ರಸ್ತೆಗೆ ಕಳಿಸುವುದು ಹಿಂದಿರುವ ಬೋಗುಣಿಯಾಕಾರದ ರಿಫ್ಲೆಕ್ಟರು. ಆ ರಿಫ್ಲೆಕ್ಟರಿಗೆ ಒಂದು ನಾಭಿ ಇರುತ್ತದೆ. ಆ ಬಿಂದುವಿನಲ್ಲಿ ಹುಟ್ಟಿದ ಬೆಳಕು ನೇರವಾಗಿ ಮುಂದಕ್ಕೆ ಹೋಗುತ್ತದೆ, ಒಂದೆರಡು ಮಿಲಿಮೀಟರ್ ಆಚೀಚೆ ಹುಟ್ಟಿದ್ದು ಮೇಲಕ್ಕೋ ಪಕ್ಕಕ್ಕೋ ಚದುರುತ್ತದೆ. ಎಚ್4 ಎಂಬ ಮಾಮೂಲಿ ಹ್ಯಾಲೊಜನ್ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ: ಒಳಗೆ ಎರಡು ತಂತಿ ಸುರುಳಿಗಳಿವೆ, ಒಂದೊಂದೂ ಐದಾರು ಮಿಲಿಮೀಟರ್ ಉದ್ದ. ಲೋ ಬೀಮಿನ ಸುರುಳಿಯ ಕೆಳಗೆ ಚಮಚದಂಥ ಒಂದು ಪುಟ್ಟ ತಗಡು ಇದೆ. ಬೆಳಕು ಕೆಳಮುಖವಾಗಿ ಇಳಿಯದಂತೆ ಅದು ತಡೆಯುತ್ತದೆ. ಬೆಳಕು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬಿದ್ದು, ಅಲ್ಲಿಂದ ಪುಟಿದು ರಸ್ತೆಯ ಕಡೆಗೆ ಬಾಗುತ್ತದೆ. ಎದುರಿನವರ ಕಣ್ಣು ಉಳಿಸುವುದು ಆ ತಗಡಿನ ಚೂರು.

ಎಲ್‌ಇಡಿ ಬಲ್ಬಿನಲ್ಲಿ ಸುರುಳಿಯ ಬದಲು ಒಂದು ಲೋಹದ ಪಟ್ಟಿಯ ಎರಡೂ ಮಗ್ಗುಲಲ್ಲಿ ಚಪ್ಪಟೆ ಚಿಪ್ಪುಗಳನ್ನು ಕೂರಿಸಿರುತ್ತಾರೆ. ಸುರುಳಿ ಸುತ್ತಲೂ ಬೆಳಗುತ್ತದೆ, ಚಿಪ್ಪು ತನ್ನ ಮುಖದ ಕಡೆಗೆ ಮಾತ್ರ. ಚೆನ್ನಾಗಿ ಮಾಡಿದ ಬಲ್ಬಿನಲ್ಲಿ ಚಿಪ್ಪುಗಳು ತೆಳ್ಳಗಿದ್ದು, ಸುರುಳಿ ಇದ್ದ ಜಾಗದಲ್ಲೇ ಕೂತಿರುತ್ತವೆ, ತಗಡೂ ಇರುತ್ತದೆ. ಅಗ್ಗದ ಮಾಲಿನಲ್ಲಿ ಪಟ್ಟಿ ದಪ್ಪ, ಚಿಪ್ಪು ಅಗಲ, ನಾಭಿ ಎಲ್ಲೋ, ಬೆಳಕು ಎಲ್ಲೋ. ಇನ್ನೂ ಹಳೆಯ ಗಾಡಿಗಳಲ್ಲಿ ಎಚ್4 ಕೂಡ ಇಲ್ಲ. ದುಂಡು ತಳದ 45/40 ವಾಟಿನ ಬಲ್ಬು. ಅದಕ್ಕೆ ಅಡಾಪ್ಟರ್ ಹಾಕಿ ಎಚ್4 ಎಲ್‌ಇಡಿ ತುರುಕಿದರೆ ನಾಭಿಯ ಲೆಕ್ಕಾಚಾರ ಇನ್ನಷ್ಟು ಕೆಡುತ್ತದೆ.

ಡಬ್ಬಿಯ ಮೇಲಿನ ಅಂಕಿಗಳನ್ನು ನಂಬುವುದೂ ಕಷ್ಟ. 12 ವೋಲ್ಟಿನ ಎಚ್4 ಹ್ಯಾಲೊಜನ್ ಹೈ ಬೀಮಿನಲ್ಲಿ ಕೊಡುವುದು ಸುಮಾರು 1,650 ಲೂಮೆನ್, ಲೋ ಬೀಮಿನಲ್ಲಿ ಸುಮಾರು 1,000. ಒಳ್ಳೆಯ ಎಲ್‌ಇಡಿ ಒಂದು ವಾಟಿಗೆ ಸುಮಾರು 100 ಲೂಮೆನ್ ಕೊಡುತ್ತದೆ ಎಂದಿಟ್ಟುಕೊಂಡರೂ 40 ವಾಟಿನ ಬಲ್ಬಿನಿಂದ ಬರುವುದು ನಾಲ್ಕು ಸಾವಿರ. ‘20,000 ಲೂಮೆನ್’ ಎಂದು ಬರೆದಿದ್ದರೆ ಅದನ್ನು ದೀಪಾವಳಿ ರಿಯಾಯಿತಿಯ ಪಕ್ಕದಲ್ಲೇ ಇಟ್ಟು ಓದಬೇಕು.

ಬಲ್ಬು ಬದಲಿಸುವ ಮೊದಲು ವೈರು ನೋಡಿ ಎಂದು ನಾನು ಹೇಳುವುದಕ್ಕೆ ಗಟ್ಟಿ ಕಾರಣವಿದೆ. ಎಂಜಿನ್ ಸ್ಟಾರ್ಟ್ ಮಾಡಿ, ದೀಪ ಹಾಕಿ, ಮಲ್ಟಿಮೀಟರಿನಿಂದ ಮೊದಲು ಬ್ಯಾಟರಿಯ ಮೇಲೆ, ಆಮೇಲೆ ಬಲ್ಬಿನ ಹೋಲ್ಡರಿನಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯ ಹತ್ತಿರ 13.2 ಇದ್ದು ಹೋಲ್ಡರಿನಲ್ಲಿ 11.9 ಬಂದರೆ, ಹತ್ತರಲ್ಲೊಂದು ಪಾಲು ದಾರಿಯಲ್ಲೇ ಸೋರಿಹೋಯಿತು ಎಂದರ್ಥ. ಹ್ಯಾಲೊಜನ್ ಬಲ್ಬಿನ ಸ್ವಭಾವ ವಿಚಿತ್ರ. ವೋಲ್ಟೇಜ್ ಹತ್ತು ಶೇಕಡಾ ಕುಸಿದರೆ ಬೆಳಕು ಹೆಚ್ಚುಕಡಿಮೆ ಮೂವತ್ತು ಶೇಕಡಾ ಕುಸಿಯುತ್ತದೆ. ಎಷ್ಟೋ ಗಾಡಿಗಳ ದೀಪ ಮಂಕಾಗಿರುವುದು ಬಲ್ಬಿನಿಂದಲ್ಲ, ಈ ಸೋರಿಕೆಯಿಂದ. ಎಲ್ಲಿ ಸೋರುತ್ತದೆ? ಕಿಲುಬು ಹಿಡಿದ ಹಿತ್ತಾಳೆಯ ಹೋಲ್ಡರು, ನಾಲ್ಕು ಕಡೆ ಕತ್ತರಿಸಿ ಟೇಪ್ ಸುತ್ತಿದ ಜಾಯಿಂಟು, ಕರಕಲಾದ ಸ್ವಿಚ್ಚು. ಎಲ್ಲಕ್ಕಿಂತ ಹೆಚ್ಚಾಗಿ ಬಣ್ಣದ ಮೇಲೆ ಬಿಗಿದ ಅರ್ಥಿಂಗು. ಡೂಮಿನ ಅರ್ಥ್ ವೈರು ಬಾನೆಟ್ಟಿನ ತಗಡಿಗೆ, ತಗಡು ತುಕ್ಕು ಹಿಡಿದ ಬೋಲ್ಟಿಗೆ, ಬೋಲ್ಟು ಚಾಸಿಗೆ ಎಂದು ಕರೆಂಟು ಸುತ್ತಿ ಬಳಸಿ ಬರುತ್ತಿರುತ್ತದೆ. ಡೂಮಿನಿಂದ ನೇರ ಬ್ಯಾಟರಿಯ ಅರ್ಥಿಗೆ ಒಂದು ಹೊಸ ವೈರು ಎಳೆದು, ಬ್ಯಾಟರಿಯಿಂದ ಫ್ಯೂಸ್ ಮೂಲಕ ಒಂದು ರಿಲೇ ಕೂರಿಸಿ, ಹಳೇ ಸ್ವಿಚ್ಚನ್ನು ಆ ರಿಲೇ ಎಳೆಯುವುದಕ್ಕಷ್ಟೇ ಬಿಟ್ಟರೆ ಹಳೇ ಹ್ಯಾಲೊಜನ್ನೇ ಗುರುತು ಸಿಗದಷ್ಟು ಬೆಳಗುತ್ತದೆ. ಎಷ್ಟೋ ಮಂದಿಗೆ ಕೆಲಸ ಇಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೂ ನಷ್ಟವಿಲ್ಲ, ಎಲ್‌ಇಡಿಗೂ ಬೇಕಾದದ್ದು ಇದೇ ಅರ್ಥಿಂಗು.

ಹಾಗಾದರೆ ಎಲ್‌ಇಡಿ ಬೇಡವೇ? ಬೇಕು. ಆದರೆ ಅದರ ನಿಜವಾದ ಲಾಭ ಹೊಳಪಿನಲ್ಲಿಲ್ಲ, ಬ್ಯಾಟರಿಯಲ್ಲಿದೆ. ಆಲ್ಟರ್ನೇಟರಿಗೂ ಮೊದಲಿನ ಡೈನಮೋ ಗಾಡಿಗಳಲ್ಲಿ ಕೆಲವು ಡೈನಮೋಗಳ ತಾಕತ್ತೇ 11 ಆಂಪಿಯರ್. ಎರಡು 55 ವಾಟಿನ ಬಲ್ಬು ಸೇರಿ 110 ವಾಟ್, ಅಂದರೆ ಒಂಬತ್ತು ಆಂಪಿಯರ್ ತಿನ್ನುತ್ತವೆ. ಬ್ಯಾಟರಿಗೆ ಉಳಿಯುವುದು ಎರಡು. ಎಂಜಿನ್ ನಿಧಾನಕ್ಕೆ ಓಡುವಾಗ ಅದೂ ಇಲ್ಲ, ಬ್ಯಾಟರಿಯಿಂದಲೇ ತೆಗೆಯಬೇಕು. ಬೆಳಗಿನ ಜಾವ ಸ್ಟಾರ್ಟ್ ಆಗದೆ ಗಾಡಿ ತಳ್ಳಿಸಿಕೊಳ್ಳುವುದು ಇದರಿಂದಲೇ. ಎರಡೂ ದೀಪ ಸೇರಿ ನಾಲ್ಕು ಆಂಪಿಯರಿನಲ್ಲಿ ಮುಗಿಸುವ ಎಲ್‌ಇಡಿ ಹಾಕಿದರೆ ಉಳಿದದ್ದು ಬ್ಯಾಟರಿಗೆ ಹೋಗುತ್ತದೆ. ಜೊತೆಗೆ ಟ್ರ್ಯಾಕ್ಟರಿನ ನಡುಕಕ್ಕೆ ಸುರುಳಿಗಳು ತುಂಡಾಗುವ ಕಾಟವೂ ತಪ್ಪುತ್ತದೆ.

ಕೆಲವು ಗಾಡಿಗಳಲ್ಲಿ ಮಾತ್ರ ಹುಷಾರಾಗಿರಬೇಕು. ಹಳೇ ಬ್ರಿಟಿಷ್ ವಿನ್ಯಾಸದ ಟ್ರ್ಯಾಕ್ಟರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಚಾಸಿಗೆ ಕಟ್ಟಿರುವುದುಂಟು. ಸುರುಳಿಯ ಬಲ್ಬಿಗೆ ಯಾವ ಕಡೆಯಿಂದ ಕರೆಂಟು ಬಂದರೂ ಒಂದೇ. ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ತಿರುಗಿದರೆ ಒಂದೋ ಹೊತ್ತುವುದಿಲ್ಲ, ಇಲ್ಲವೇ ಸುಟ್ಟುಹೋಗುತ್ತದೆ. ಕೈಯಿಂದ ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವ ಟಿಲ್ಲರುಗಳ ಕಥೆ ಬೇರೆ. ಬ್ಯಾಟರಿಯೇ ಇಲ್ಲದೆ ಎಂಜಿನ್ ಜೊತೆ ತಿರುಗುವ ಪುಟ್ಟ ಜನರೇಟರಿನಿಂದ ದೀಪ ಉರಿಯುವಲ್ಲಿ ಬರುವುದು ಎಸಿ ಕರೆಂಟು, ಆಕ್ಸಿಲರೇಟರ್ ಏರಿಸಿದಂತೆ ವೋಲ್ಟೇಜೂ ಏರುತ್ತದೆ. ನೇರವಾಗಿ ಎಲ್‌ಇಡಿ ಕೊಟ್ಟರೆ ಮಿಟುಕುತ್ತದೆ, ಬಹಳ ದಿನ ಬಾಳುವುದೂ ಇಲ್ಲ. ಡಿಸಿ ಮಾಡುವ, ವೋಲ್ಟೇಜ್ ಹದ್ದುಬಸ್ತಿನಲ್ಲಿಡುವ ರೆಗ್ಯುಲೇಟರ್ ನಡುವೆ ಬೇಕೇ ಬೇಕು. ಇನ್ನೊಂದು ಗಾಡಿಯ ಬ್ಯಾಟರಿ ಸತ್ತಿದೆ ಎಂದು, ಎಂಜಿನ್ ಓಡುತ್ತಿರುವಾಗಲೇ ಟರ್ಮಿನಲ್ ಕಿತ್ತು ಬ್ಯಾಟರಿಯನ್ನು ಅಲ್ಲಿಗೆ ಒಯ್ಯುವ ಅಭ್ಯಾಸವನ್ನಂತೂ ಬಿಡಬೇಕು. ಆ ಕ್ಷಣ ವೋಲ್ಟೇಜ್ ಜಿಗಿದರೆ ಎಲ್‌ಇಡಿಯ ಡ್ರೈವರ್ ತಡೆದುಕೊಳ್ಳುವುದಿಲ್ಲ. ಅಗ್ಗದ ಡ್ರೈವರುಗಳು ರೇಡಿಯೊಗೆ ಗೊರಗೊರ ಸದ್ದನ್ನೂ ಬೆರೆಸುತ್ತವೆ; ಎಫ್‌ಎಂನಲ್ಲಿ ಕಾಮನಬಿಲ್ಲು ಕೇಳುತ್ತಾ ಉಳುವವರು ಅದನ್ನೂ ಗಮನಿಸಲಿ.

ಇನ್ನೊಂದು ಶತ್ರು ಬಿಸಿ. ಹ್ಯಾಲೊಜನ್ ತನ್ನ ಶಾಖವನ್ನು ಬೆಳಕಿನ ಜೊತೆ ಮುಂದಕ್ಕೇ ಉಗುಳುತ್ತದೆ. ಎಲ್‌ಇಡಿ ಬೆನ್ನ ಹಿಂದೆ ಬಿಸಿಯಾಗುತ್ತದೆ, ಆ ಬಿಸಿ ಹೊರಗೆ ಹೋಗದಿದ್ದರೆ ಚಿಪ್ಪಿನ ಆಯಸ್ಸು ಕರಗುತ್ತದೆ. ಅದಕ್ಕೆಂದು ಬಲ್ಬಿನ ಹಿಂದೆ ಪುಟ್ಟ ಫ್ಯಾನ್ ಇಟ್ಟಿರುತ್ತಾರೆ. ರಾಗಿ ಒಕ್ಕಣೆಯ ಹೊಟ್ಟಿನ ನಡುವೆ ಆ ಫ್ಯಾನು ಒಂದು ಸುಗ್ಗಿ ಕಳೆದರೆ ಹೆಚ್ಚು. ಟ್ರ್ಯಾಕ್ಟರಿಗೆ ಫ್ಯಾನಿಲ್ಲದ, ಅಲ್ಯೂಮಿನಿಯಂ ರೆಕ್ಕೆಗಳಿರುವ ದೀಪವೇ ಸರಿ.

ಬಣ್ಣದ ವಿಚಾರದಲ್ಲಿ ಒಂದು ಮಾತು. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಗಟ್ಟಿಯಾಗಿದೆ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವು, ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಮಂಜಿನಲ್ಲಿ ಕೆಲಸಕ್ಕೆ ಬರುವುದು ಬಣ್ಣಕ್ಕಿಂತ, ಮೇಲಕ್ಕೆ ಚೆಲ್ಲದ ತಗ್ಗಿನ ಬೆಳಕು. ಆದರೂ 6,500 ಕೆಲ್ವಿನ್ನಿನ ನೀಲಿ ಮಿಶ್ರಿತ ಬಿಳುಪಿಗಿಂತ 4,300ರ ಆಸುಪಾಸಿನ ಬೆಳಕನ್ನೇ ಆರಿಸಿಕೊಳ್ಳಿ. ನೀಲಿ ಹೆಚ್ಚಾದಷ್ಟೂ ಎದುರಿನವರ ಕಣ್ಣಿಗೆ ಹಿಂಸೆ.

ಕಾನೂನೂ ಈ ಹಿಂಸೆಯನ್ನು ಅಳತೆ ಕೊಟ್ಟು ಹೇಳಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದು. ಒಂದೂವರೆ ಮೀಟರ್ ಎಂದರೆ ಸರಿಸುಮಾರು ಎದುರು ಬರುವ ಸ್ಕೂಟರ್ ಸವಾರರ ಕಣ್ಣು. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದಾದ್ಯಂತ ಕೇಸು ಹಾಕಲು ಶುರು ಮಾಡಿದ್ದು ನೆನಪಿರಬಹುದು. ಅವರು ಹಿಡಿಯಲಿ ಬಿಡಲಿ, ಈ ಪರೀಕ್ಷೆಯನ್ನು ನೀವೇ ಮಾಡಬಹುದು: ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿ, ಲೋ ಬೀಮ್ ಹಾಕಿ, ಎಂಟು ಮೀಟರ್ ದೂರದಲ್ಲಿ ಸ್ಕೂಟರ್ ಮೇಲೆ ಕೂತು ನೋಡಿ.

ನನ್ನ ಸಲಹೆ ಇಷ್ಟು. ಬಲ್ಬು ಮಾತ್ರ ಬದಲಿಸುವ ಬದಲು, ಏಳು ಇಂಚಿನ ದುಂಡು ಡೂಮ್ ಇರುವ ಗಾಡಿಯಾದರೆ ಎಲ್‌ಇಡಿಗೆಂದೇ ಮಾಡಿದ, ಲೋ ಬೀಮಿನಲ್ಲಿ ಮೇಲಂಚು ಗೆರೆ ಎಳೆದಂತೆ ನಿಲ್ಲುವ ಇಡೀ ಡೂಮನ್ನೇ ಹಾಕಿಸಿ. ಅಂಥದು ಕೂರದ ಪುಟ್ಟ ಡೂಮುಗಳಲ್ಲಿ ರಸ್ತೆಗೆ ಹಳೇ ಹ್ಯಾಲೊಜನ್ನೇ ಇರಲಿ, ವೈರಿಂಗ್ ಸರಿಪಡಿಸಿಕೊಳ್ಳಿ. ಹೊಲಕ್ಕೆ ಬೇರೆಯೇ ವರ್ಕ್ ಲ್ಯಾಂಪು ಕಟ್ಟಿ. ನೆಲಕ್ಕೆ ತಗ್ಗಿಸಿ, ಬೇರೆ ಸ್ವಿಚ್ಚಿನಲ್ಲಿ. ತೋಟದ ಗೇಟು ದಾಟಿ ರಸ್ತೆಗೆ ಬಂದ ಮೇಲೆ ಆ ಸ್ವಿಚ್ಚು ಆರಿಯೇ ಇರಬೇಕು. ಬೆಳಕಿನ ಎತ್ತರ ಹೊಂದಿಸುವಾಗ ಗೋಡೆಯಿಂದ ಐದು ಮೀಟರ್ ದೂರ ನಿಲ್ಲಿಸಿ, ಲೋ ಬೀಮಿನ ಮೇಲಂಚು ದೀಪದ ನಡುಮಟ್ಟಕ್ಕಿಂತ ಐದು ಸೆಂಟಿಮೀಟರಾದರೂ ಕೆಳಗಿರುವಂತೆ ನೋಡಿಕೊಳ್ಳಿ. ಇದನ್ನು ಮಾಡುವಾಗ ಹಿಂದೆ ರೋಟವೇಟರನ್ನು ಎತ್ತಿಯೇ ಇಟ್ಟಿರಿ, ಅಥವಾ ತುಂಬಿದ ಟ್ರೈಲರ್ ತಗುಲಿಸಿ. ಹಿಂದೆ ಭಾರ ಬಿದ್ದಾಗ ಮೂತಿ ಮೇಲೇಳುತ್ತದೆ. ಬರಿಗಾಡಿಯಲ್ಲಿ ಹೊಂದಿಸಿದ ಬೆಳಕು ಆಗ ಮರದ ಕೊಂಬೆ ತೋರಿಸುತ್ತದೆ.

ದುಡ್ಡು ಎಲ್ಲದಕ್ಕೂ ಸಾಲದಿದ್ದರೆ ಮುಂದಿನ ದೀಪ ಬಿಡಿ, ಹಿಂದಿನದಕ್ಕೆ ಹಾಕಿ. ಹೆದ್ದಾರಿಯಲ್ಲಿ ನಿಧಾನವಾಗಿ ಹೋಗುವ ಗಾಡಿಗೆ ಹಿಂದಿನಿಂದ ಬರುವವರ ಕಣ್ಣಿಗೆ ಬೀಳುವುದೇ ದೊಡ್ಡ ರಕ್ಷಣೆ, ಟ್ರೈಲರುಗಳಲ್ಲಿ ಉರಿಯದ ದೀಪವೂ ಅದೇ. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಇಡಬೇಡಿ. ಬಿಳಿ ಎಲ್‌ಇಡಿ ಎಂದರೆ ನೀಲಿ ಚಿಪ್ಪಿಗೆ ಹಳದಿ ಲೇಪ ಹಚ್ಚಿದ್ದು, ಅದರಲ್ಲಿ ಕೆಂಪು ಕಮ್ಮಿ. ಗಾಜು ದಾಟಿ ಬರುವುದು ಮಂಕು ಬೆಳಕಷ್ಟೇ. ಕೆಂಪು ಎಲ್‌ಇಡಿಯನ್ನೇ ಕೇಳಿ ತನ್ನಿ. ಟ್ರೈಲರಿನ ಇಂಡಿಕೇಟರಿಗೂ ಎಲ್‌ಇಡಿ ಹಾಕಿದರೆ ಹಳೇ ಫ್ಲ್ಯಾಶರ್ ಯದ್ವಾತದ್ವಾ ಮಿಟುಕುತ್ತದೆ ಇಲ್ಲವೇ ನಿಂತೇಹೋಗುತ್ತದೆ, ಹಾಗಾಗಿ ಎಲೆಕ್ಟ್ರಾನಿಕ್ ಫ್ಲ್ಯಾಶರನ್ನೂ ಜೊತೆಗೇ ಕೊಳ್ಳಿ. ಟ್ರೈಲರ್ ಪ್ಲಗ್ಗಿನ ಅರ್ಥ್ ಪಿನ್ನನ್ನು ಎಮರಿ ಕಾಗದದಲ್ಲಿ ಒಮ್ಮೆ ಉಜ್ಜಿ, ಕೊಕ್ಕೆಯ ಮೂಲಕ ಅರ್ಥ್ ಸಿಗುತ್ತದೆ ಎಂದು ನಂಬದೆ ಅದಕ್ಕೊಂದು ಬೇರೆ ವೈರು ಎಳೆಸಿ.