ದಪ್ಪ ಸ್ವೆಟರ್ ಒಳಗೆ ಬಚ್ಚಿಟ್ಕೊಂಡು ಬೆಟ್ಟ ಹತ್ತೋಕಾಗಲ್ಲ

(1/6)

ಫೋಟೋದಲ್ಲಿ ಚಾಮುಂಡಿ ಬೆಟ್ಟದ ತಿರುವಲ್ಲಿ ಸೈಕಲ್ ಹ್ಯಾಂಡಲ್ ಮೇಲೆ ಬಿದ್ಕೊಂಡ ಹಾಗೆ ನಿಂತಿರೋದು ನಾನೇ. ಮುಖ ಟೊಮ್ಯಾಟೊ ಥರ ಕೆಂಪಗಾಗಿದೆ, ಕಿತ್ತಳೆ ಬಣ್ಣದ ವಿಂಡ್‌ಚೀಟರ್ ಸೊಂಟಕ್ಕೆ ಕಟ್ಕೊಂಡಿದೀನಿ, ಹೊಟ್ಟೆ ಒಳಗೆ ಎಳ್ಕೊಂಡಿಲ್ಲ. ಡಿಸೆಂಬರ್ ತಿಂಗಳು, ಬೆಳಿಗ್ಗೆ ಆರೂವರೆ. ನನ್ನ ತೂಕ 94 ಕೆಜಿ. ಈ ನಂಬರ್ ಇಲ್ಲಿ ಹಾಕೋದಾ ಬೇಡ್ವಾ ಅಂತ ಮೂರು ದಿನ ಯೋಚನೆ ಮಾಡ್ದೆ. ಆಮೇಲೆ, ಕ್ಲಾಸಲ್ಲಿ ಎಲ್ಲರಿಗೂ ಕಣ್ಣಿದೆಯಲ್ಲ, ಇದೇನು ದೊಡ್ಡ ಗುಟ್ಟಾ ಅನ್ನಿಸ್ತು.

ಹೋದ ವರ್ಷ ಇದೇ ತಿಂಗಳು ಇದೇ ಬೆಟ್ಟಕ್ಕೆ ಮೊದಲ ಸಲ ಸೈಕಲ್ ತಗೊಂಡು ಹೋಗಿದ್ದೆ. ಒಳಗೆ ಕಾಟನ್ ಟೀ ಶರ್ಟ್, ಅದರ ಮೇಲೆ ಫುಟ್‌ಪಾತಲ್ಲಿ ಟಿಬೆಟನ್ನರ ಹತ್ತಿರ ತಗೊಂಡ ದಪ್ಪ ಸ್ವೆಟರ್, ಅದರ ಮೇಲೆ ಕಪ್ಪು ಹುಡಿ, ತಲೆಗೆ ಮಂಕಿ ಕ್ಯಾಪ್. ಚಂದ್ರಲೋಕಕ್ಕೆ ಹೊರಟ ಹಾಗಿತ್ತು. ಅಪ್ಪ ಸ್ಕೂಟರಲ್ಲಿ ಹಿಂದೆ ಬರ್ತಿದ್ರು. ತಾವರೆಕಟ್ಟೆ ದಾಟಿ ಸ್ವಲ್ಪ ದೂರ ಹೋಗೋಷ್ಟರಲ್ಲಿ ಕಣ್ಣು ಕತ್ತಲೆ ಬಂತು. ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತೆ. "ಏನಾಯ್ತು ಪುಟ್ಟಿ, ಸ್ವೆಟರ್ ಬಿಚ್ಚು" ಅಂದ್ರು ಅಪ್ಪ. ನಾನು ಬಿಚ್ಚಲಿಲ್ಲ. ಯಾಕಂದ್ರೆ ಆಗ ಬೇರೆ ಸೈಕಲ್‌ನವರ ಗುಂಪೊಂದು ಮೇಲೆ ಬರ್ತಾ ಇತ್ತು, ಒಳಗಿನ ಒದ್ದೆ ಟೀ ಶರ್ಟ್ ಮೈಗೆ ಅಂಟ್ಕೊಂಡಿತ್ತು.

ಇಳಿಯುವಾಗ ಹಲ್ಲು ಕಟಕಟ. ಮನೆಗೆ ಬಂದ ತಕ್ಷಣ ಅಮ್ಮ ಹೇಳಿದ್ದು, "ಇನ್ನೊಂದು ಸ್ವೆಟರ್ ಹಾಕ್ಕೋಬೇಕಿತ್ತು."

ಈ ಸರಣಿ ಅಮ್ಮನ ಆ ಮಾತಿಗೆ ಒಂದು ವರ್ಷ ತಡವಾಗಿ ಕೊಡ್ತಿರೋ ಉತ್ತರ.

(2/6)

ನಮ್ಮಂಥವರಿಗೆ ಚಳಿಗಾಲದ ಸೈಕಲಲ್ಲಿ ಶತ್ರು ಚಳಿ ಅಲ್ಲ, ಬೆವರು. ಇದನ್ನ ನಾನು ಬಿಕಾಂ ಲೆಕ್ಕದಲ್ಲೇ ಹೇಳ್ತೀನಿ, ಸಹಿಸ್ಕೊಳ್ಳಿ.

ಸೈಕಲ್ ತುಳಿಯುವಾಗ ಮೈ ನಾಲ್ಕು ರೂಪಾಯಿ ಶಕ್ತಿ ಖರ್ಚು ಮಾಡಿದ್ರೆ ಹೆಚ್ಚೂಕಡಿಮೆ ಒಂದು ರೂಪಾಯಿ ಪೆಡಲ್‌ಗೆ ಹೋಗುತ್ತೆ. ಉಳಿದ ಮೂರು ರೂಪಾಯಿ ಬಿಸಿಯಾಗಿ ಮೈಯಲ್ಲೇ ಹುಟ್ಟುತ್ತೆ. ಈಗ ಏರು 250 ಮೀಟರ್ ಅಂತ ಇಟ್ಕೊಳ್ಳಿ. ನಾನು 94, ಸೈಕಲ್ 16, ಒಟ್ಟು 110 ಕೆಜಿ. ಅಷ್ಟನ್ನ ಮೇಲಕ್ಕೆ ಎತ್ತೋಕೆ ಸುಮಾರು 270 ಕಿಲೋಜೂಲ್ ಬೇಕು. ಅಂದ್ರೆ ಜೊತೆಗೆ ಹುಟ್ಟೋ ಬಿಸಿ 800 ದಾಟುತ್ತೆ. ನನ್ನ ಬೆಂಚ್‌ಮೇಟ್ 55 ಕೆಜಿ. ಅದೇ ಸೈಕಲ್, ಅದೇ ರಸ್ತೆ, ಅವಳಿಗೆ ಹುಟ್ಟೋ ಬಿಸಿ 520ರ ಹತ್ತಿರ. ಇದರ ಜೊತೆ ಇನ್ನೊಂದು ವಿಷಯ ಇದೆ. ಮೈ ದೊಡ್ಡದಾದಷ್ಟೂ ಒಂದೊಂದು ಕೆಜಿಗೆ ಸಿಗೋ ಚರ್ಮ ಕಡಿಮೆ, ಹಾಗಾಗಿ ಬಿಸಿ ಆಚೆ ಹೋಗೋದೂ ನಿಧಾನ. ಆದಾಯ ಜಾಸ್ತಿ, ಖರ್ಚಿಗೆ ದಾರಿ ಕಮ್ಮಿ. ಬ್ಯಾಂಕಲ್ಲಿ ಇದ್ದಿದ್ರೆ ಖುಷಿ ಪಡಬಹುದಿತ್ತು.

ಅವಳು ಹಾಕಿರೋ ಜಾಕೆಟ್ ನೋಡಿ ನಾನೂ ಅದೇ ಹಾಕ್ಕೊಂಡ್ರೆ ಅವಳಿಗೆ ಹಿತ, ನನಗೆ ಪ್ರೆಷರ್ ಕುಕ್ಕರ್. ನಾವು ಮಾತ್ರ ಉಲ್ಟಾ ಮಾಡ್ತೀವಿ, ಅವಳಿಗಿಂತ ಒಂದು ಪದರ ಜಾಸ್ತಿನೇ ಹಾಕ್ತೀವಿ.

ಇಳಿಯುವಾಗ ಲೆಕ್ಕ ತಿರುಗಿ ಬೀಳುತ್ತೆ. ಒಂದು ಲೀಟರ್ ಬೆವರು ಆರೋಕೆ ಸುಮಾರು 2400 ಕಿಲೋಜೂಲ್ ಬಿಸಿ ಬೇಕು. ಏರುವಾಗ ಇದು ದೇವರ ದಯೆ. ಇಳಿಜಾರಲ್ಲಿ ನೀವು ಪೆಡಲ್ ತುಳೀತಿಲ್ಲ, ಬಿಸಿ ಹುಟ್ತಿಲ್ಲ, ಎದೆಗೆ ಗಾಳಿ ಹೊಡೀತಿದೆ, ಒದ್ದೆ ಕಾಟನ್ ಮೈಯಿಂದ ಬಿಸಿ ಕಿತ್ಕೊಳ್ತಾನೇ ಇದೆ. ಮೈಸೂರಿನ ಡಿಸೆಂಬರ್ ಬೆಳಿಗ್ಗೆ ಅಂದ್ರೆ ಸಾಮಾನ್ಯವಾಗಿ 15-16 ಡಿಗ್ರಿ, ಅದೇನು ಲಡಾಖ್ ಅಲ್ಲ. ಆದ್ರೂ ಹಲ್ಲು ಕಟಕಟ ಅಂದಿದ್ದು ಇದಕ್ಕೇ.

(3/6)

ಈ ಭಾಗ ಬರೆಯೋದೇ ಕಷ್ಟ ಆಯ್ತು.

ನನಗೆ ಚಳಿಗಾಲ ಇಷ್ಟ ಇದ್ದಿದ್ದು ಸೈಕಲ್‌ಗೋಸ್ಕರ ಅಲ್ಲ, ಸ್ವೆಟರ್‌ಗೋಸ್ಕರ. ಏಪ್ರಿಲ್‌ನಲ್ಲಿ ಹುಡಿ ಹಾಕಿದ್ರೆ "ಏನೇ, ಜ್ವರಾನಾ?" ಅಂತಾರೆ. ಡಿಸೆಂಬರಲ್ಲಿ ಯಾರೂ ಕೇಳಲ್ಲ. ಎರಡು ತಿಂಗಳು ಆರಾಮಾಗಿ ಬಚ್ಚಿಟ್ಕೋಬಹುದು. ನಿಮ್ಮಲ್ಲಿ ಕೆಲವರಿಗೆ ಇದು ಅರ್ಥ ಆಗಿರುತ್ತೆ, ವಿವರಿಸೋದು ಬೇಕಿಲ್ಲ. ಉಳಿದವರು ಸುಮ್ಮನೆ ನಂಬಿ.

ಹಾಗಾಗಿ ಸೈಕಲ್ ಬಟ್ಟೆ ತಗೊಳ್ಳುವಾಗಲೂ ನಾನು ನೋಡ್ತಿದ್ದಿದ್ದು ಎರಡೇ. ಉದ್ದ ಎಷ್ಟಿದೆ, ಬಣ್ಣ ಕಪ್ಪಾ. ಕಪ್ಪಲ್ಲಿ ಸಣ್ಣ ಕಾಣ್ತೀವಿ ಅಂತ ಅತ್ತೆಯಿಂದ ಹಿಡಿದು ಬಟ್ಟೆ ಅಂಗಡಿಯವರ ತನಕ ಎಲ್ಲರೂ ಹೇಳ್ಕೊಟ್ಟಿದಾರೆ. ಬೆಳಿಗ್ಗೆ ಐದೂ ಮುಕ್ಕಾಲಿಗೆ, ಮಂಜಲ್ಲಿ, ಲಲಿತಮಹಲ್ ಕಡೆ ರಸ್ತೆಯಲ್ಲಿ ಕಪ್ಪು ಬಟ್ಟೆ ಹಾಕಿದ್ರೆ ಸಣ್ಣ ಅಲ್ಲ, ಕಾಣೋದೇ ಇಲ್ಲ! ಒಂದು ದಿನ ಹಾಲಿನ ಗಾಡಿಯವರು ನನ್ನ ಪಕ್ಕದಲ್ಲೇ ಬ್ರೇಕ್ ಹಾಕಿ ಬೈದ್ರು. ಬೈದಿದ್ದು ಸರಿಯಾಗೇ ಇತ್ತು.

ಕಿತ್ತಳೆ ವಿಂಡ್‌ಚೀಟರ್ ತಗೊಂಡಿದ್ದು ಅದರ ಮಾರನೇ ವಾರ. ಬೆನ್ನಿಗೆ ಬೆಳಕು ಬಿದ್ರೆ ಹೊಳೆಯೋ ಪಟ್ಟಿ ಹೊಲಿಸ್ದೆ. ಮೊದಲ ದಿನ ಊರಿಗೆಲ್ಲ ನನ್ನ ಸೈಜ್ ಡಂಗುರ ಸಾರ್ದಂಗೆ ಅನ್ನಿಸ್ತು. ಈಗ್ಲೂ ಕೆಲವು ದಿನ ಅನ್ನಿಸುತ್ತೆ. ಆದ್ರೆ ಸೈಕಲ್ ಬಟ್ಟೆಯ ಕೆಲಸ ಬೆವರು ಆಚೆ ಬಿಡೋದು, ಗಾಳಿ ತಡೆಯೋದು, ಲಾರಿಯವನಿಗೆ ಕಾಣೋ ಹಾಗೆ ಮಾಡೋದು. ಮೈ ಮುಚ್ಚಿಡೋ ಕೆಲಸಾನೂ ಅದರ ತಲೆಗೇ ಕಟ್ಟಿದ್ರೆ ಬೇರೆ ಮೂರೂ ಕೆಡುತ್ತೆ. ನನಗೆ ಮೂರೂ ಕೆಟ್ಟಿತ್ತು.

(4/6)

ಸರಿ, ಧೈರ್ಯ ಮಾಡಿ ಒಳ್ಳೇ ಬಟ್ಟೆ ತಗೊಳ್ಳೋಣ ಅಂತ ಅಂಗಡಿಗೆ ಹೋದ್ರೆ? ದೊಡ್ಡ ಅಂಗಡಿ, ಹೆಸರು ಬೇಡ. ಹೆಂಗಸರ ಜೆರ್ಸಿ ಎಕ್ಸ್‌ಎಲ್‌ಗೆ ಮುಗೀತು. ಗಂಡಸರದ್ದು ಡಬಲ್ ಎಕ್ಸ್‌ಎಲ್ ಇತ್ತು, ಎದೆಗೆ ಆಯ್ತು, ಸೊಂಟದ ಹತ್ರ ಜಿಪ್ ಕೂರಲಿಲ್ಲ. ರೇಸ್ ಮಾಡೋರ ಅಳತೆಗೆ ಕತ್ತರಿಸಿರ್ತಾರೆ, ಅವರಿಗೆ ಸೊಂಟ ಅನ್ನೋದೇ ಇರಲ್ಲ. ಅಲ್ಲಿದ್ದ ಹುಡುಗ, ಪಾಪ ಕೆಟ್ಟ ಮನಸ್ಸಿಂದ ಏನಲ್ಲ, ನಗ್ತಾನೇ ಹೇಳ್ದ: "ಮೇಡಂ, ಒಂದು ಹತ್ತು ಕೆಜಿ ಇಳಿಸ್ಕೊಂಡು ಬನ್ನಿ, ಆಮೇಲೆ ಎಲ್ಲಾ ಆಗುತ್ತೆ."

ಅಂದ್ರೆ ತೂಕ ಇಳಿಸೋಕೆ ಸೈಕಲ್ ತುಳೀಬೇಕು, ಸೈಕಲ್ ತುಳಿಯೋಕೆ ಬಟ್ಟೆ ಬೇಕು, ಬಟ್ಟೆ ಬೇಕಂದ್ರೆ ಮೊದಲು ತೂಕ ಇಳಿಸ್ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ.

ಸ್ಟಾಕ್ ಯಾಕಿಲ್ಲ ಅಂದ್ರೆ ಡಿಮ್ಯಾಂಡ್ ಇಲ್ಲ ಅಂತಾರೆ. ಕ್ಲಾಸಲ್ಲಿ ಡಿಮ್ಯಾಂಡ್ ಪಾಠ ಮಾಡುವಾಗ ನಮಗೆ ಒಂದು ಮಾತು ಹೇಳ್ಕೊಟ್ಟಿದ್ರು, ಕೊಳ್ಳೋ ಆಸೆ ಇದ್ರೆ ಸಾಲದು, ಕೊಳ್ಳೋ ಶಕ್ತಿನೂ ಇರ್ಬೇಕು ಅಂತ. ನನಗೆ ಎರಡೂ ಇತ್ತು, ಪರ್ಸಲ್ಲಿ 1200 ರೂಪಾಯಿ ಇತ್ತು, ವಾಪಸ್ ಬಂದೆ. ಅವರ ಪುಸ್ತಕದಲ್ಲಿ ನಾನು ಎಲ್ಲೂ ದಾಖಲಾಗಲಿಲ್ಲ. ಬಾರದೇ ಇರೋ ಗಿರಾಕಿಗೂ ಬಂದು ವಾಪಸ್ ಹೋದ ಗಿರಾಕಿಗೂ ಬಿಲ್ ಪುಸ್ತಕದಲ್ಲಿ ವ್ಯತ್ಯಾಸ ಇಲ್ವಲ್ಲ. ಅದಕ್ಕೇ ನನ್ನ ವಾದ: ಸೈಜ್ ಇಲ್ಲ ಅಂದಾಗ ತಲೆ ತಗ್ಗಿಸ್ಕೊಂಡು ಬರ್ಬೇಡಿ, ಕೌಂಟರಲ್ಲಿ ನಿಂತು "ಈ ಸೈಜ್ ತರಿಸಿ" ಅಂತ ಬರೆಸಿ. ನಾನು ಆ ದಿನ ಹಾಗೆ ಮಾಡಲಿಲ್ಲ. ಬಸ್‌ಸ್ಟಾಪ್ ತನಕ ಅಳು ತಡ್ಕೊಂಡು ಬಂದೆ, ಅಷ್ಟೇ.

ಕೊನೆಗೆ ದಾರಿ ಸಿಕ್ಕಿದ್ದು ಕಬಡ್ಡಿ, ಕ್ರಿಕೆಟ್ ಟೀಮ್‌ಗಳಿಗೆ ಜೆರ್ಸಿ ಹೊಲಿಯೋ ಅಣ್ಣನ ಹತ್ರ. ನಿಮ್ಮ ಊರಲ್ಲೂ ಅಂಥವರು ಒಬ್ಬರು ಇರ್ತಾರೆ, ಟೂರ್ನಮೆಂಟ್ ಟೈಮಲ್ಲಿ ರಾತ್ರಿಯೆಲ್ಲ ಮೆಷಿನ್ ಓಡ್ತಿರುತ್ತೆ. ಟೇಪ್ ಹಿಡಿದು ಅಳತೆ ತಗೊಂಡ್ರು. "ಸೈಕಲ್‌ಗಾ? ಹಂಗಾದ್ರೆ ಹಿಂದೆ ಉದ್ದ ಬಿಡ್ತೀನಮ್ಮ, ಬಗ್ಗಿದಾಗ ಬೆನ್ನಿಗೆ ಗಾಳಿ ಹೊಡೀಬಾರ್ದು" ಅಂದ್ರು. ತೂಕದ ಬಗ್ಗೆ ಒಂದು ಮಾತಿಲ್ಲ. 450 ರೂಪಾಯಿ. ಹಿಂದೆ ಮೂರು ಜೇಬು ಬೇರೆ.

(5/6)

ಎಲ್ಲರೂ ಡಿಎಂ ಮಾಡಿ ಕೇಳ್ತಿರೋ ಪ್ರಶ್ನೆ, ಏನೇನು ಹಾಕ್ತೀಯಾ ಅಂತ. ಜಾಸ್ತಿ ಏನಿಲ್ಲ.

ಮೈಗೆ ಆ ಜೆರ್ಸಿ ಒಂದೇ, ಬೇಗ ಆರೋ ಪಾಲಿಯೆಸ್ಟರ್ ಬಟ್ಟೆ. ಕಾಟನ್ ನಮ್ಮ ಸೆಕೆಗೆ ಚೆನ್ನ, ಏರು ಹತ್ತಿ ಇಳಿಯೋ ಚಳಿ ಬೆಳಿಗ್ಗೆಗಲ್ಲ, ಒದ್ದೆಯಾದ್ರೆ ಒದ್ದೆಯಾಗೇ ಇರುತ್ತೆ. ಮನೆಯಿಂದ ಹೊರಡುವಾಗ ಸ್ವಲ್ಪ ಚಳಿ ಆಗ್ಬೇಕು. ಗೇಟ್ ಹತ್ರಾನೇ ಬೆಚ್ಚಗಿದೆ ಅಂದ್ರೆ ಜಾಸ್ತಿ ಹಾಕಿದೀರಾ ಅಂತಾನೇ ಅರ್ಥ. ಹತ್ತು ನಿಮಿಷದಲ್ಲಿ ಮೈ ತಾನೇ ಬಿಸಿಯಾಗುತ್ತೆ. ವಿಂಡ್‌ಚೀಟರ್ ಸೊಂಟಕ್ಕೆ. ಮೇಲೆ ಹೋದ್ಮೇಲೆ, ಫೋಟೋ ತೆಗೆಯೋಕೂ ಮುಂಚೆ, ಜಿಪ್ ಎಳೆದು ಇಳೀಬೇಕು. ಅದೂ ಇಲ್ವಾ, ನ್ಯೂಸ್‌ಪೇಪರ್ ಎದೆ ಮೇಲೆ ಜೆರ್ಸಿ ಒಳಗೆ ತೂರಿಸ್ಕೊಳ್ಳಿ. ತಮಾಷೆ ಅಲ್ಲ, ಟೂರ್ ಡಿ ಫ್ರಾನ್ಸ್ ಓಡಿಸೋರು ಆಲ್ಪ್ಸ್ ಘಾಟಿ ಇಳಿಯುವಾಗ ಹೀಗೆ ಮಾಡ್ತಿದ್ರು, ಮೇಲೆ ನಿಂತ ಜನ ಪೇಪರ್ ಕೈಗೆ ಕೊಡ್ತಿದ್ರು. ನಾನು ಅಪ್ಪ ಓದೋಕೂ ಮುಂಚೆ ಪುರವಣಿ ಎತ್ಕೊಂಡು ಹೋಗಿ ಬೈಸ್ಕೊಂಡಿದೀನಿ.

ಮಂಕಿ ಕ್ಯಾಪ್ ಮೇಲೆ ಹೆಲ್ಮೆಟ್ ಸರಿಯಾಗಿ ಕೂರಲ್ಲ. ಕಿವಿಗೆ ತೆಳು ಬಟ್ಟೆ ಸಾಕು.

ಈಗ ಯಾರೂ ಬಾಯಿಬಿಟ್ಟು ಹೇಳದ ವಿಷಯ, ತೊಡೆ ಉಜ್ಜೋದು. ಚಳಿಗಾಲದಲ್ಲಿ ಚರ್ಮ ಮೊದಲೇ ಒಣಗಿರುತ್ತೆ, ಒದ್ದೆ ಪ್ಯಾಂಟ್ ಹೊಲಿಗೆ ತಾಗಿದ್ರೆ ಎರಡು ದಿನ ಕ್ಲಾಸಿಗೆ ಕಾಲಗಲಿಸಿ ನಡೀಬೇಕು. ಪ್ಯಾಡ್ ಇರೋ ಶಾರ್ಟ್ಸ್ ತಗೊಳ್ಳಿ, ಅದರ ಒಳಗೆ ಬೇರೆ ಒಳಉಡುಪು ಹಾಕ್ಬೇಡಿ, ಅದರ ಹೊಲಿಗೆನೇ ಗಾಯ ಮಾಡೋದು. ಮೇಲೆ ಸಡಿಲ ಟ್ರ್ಯಾಕ್ ಪ್ಯಾಂಟ್ ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ (ಚೈನ್ ಕಡೆ ಕಾಲಿಗೆ ರಬ್ಬರ್ ಬ್ಯಾಂಡ್ ಹಾಕಿ). ಸೊಂಟದ ಎಲಾಸ್ಟಿಕ್ ಹೊಟ್ಟೆ ಕೊರೆಯುತ್ತೆ ಅನ್ನೋರು ಭುಜದ ಮೇಲೆ ಪಟ್ಟಿ ಬರೋ ಬಿಬ್ ಶಾರ್ಟ್ಸ್ ನೋಡಿ. ನನಗಿನ್ನೂ ಅದಕ್ಕೆ ದುಡ್ಡಿಲ್ಲ. ಹಚ್ಚೋಕೆ ವ್ಯಾಸಲೀನ್. ಕೊಬ್ಬರಿ ಎಣ್ಣೆ ಹಚ್ಚೋಣ ಅಂತ ಹೋದ್ರೆ ಡಿಸೆಂಬರಲ್ಲಿ ಬಾಟಲಿ ಒಳಗೆ ಕಲ್ಲಾಗಿರುತ್ತೆ, ಬೆಳಿಗ್ಗೆ ಐದಕ್ಕೆ ಅದನ್ನ ಬಿಸಿ ಮಾಡ್ತಾ ನಿಂತ್ರೆ ಅಮ್ಮ ಎದ್ದೇಳ್ತಾರೆ.

(6/6)

ಹೋದ ಭಾಗಕ್ಕೆ ಒಬ್ಬ ಹುಡುಗ ಹಾಕಿದ ಕಾಮೆಂಟ್: "ಜಾಸ್ತಿ ಬೆವರಿದ್ರೆ ಜಾಸ್ತಿ ಕರಗುತ್ತಲ್ಲ ಅಕ್ಕ, ಪ್ಲಾಸ್ಟಿಕ್ ಸುತ್ಕೊಂಡು ತುಳೀಲಾ?" ಬೇಡ್ವೋ! ಬೆವರಲ್ಲಿ ಹೋಗೋದು ನೀರು, ಉಪ್ಪು. ಬೆಟ್ಟಕ್ಕೆ ಹೋಗಿ ಬಂದು ತೂಕ ನೋಡಿದ್ರೆ ನಾನು ಮುಕ್ಕಾಲು ಕೆಜಿ ಕಮ್ಮಿ ಇರ್ತೀನಿ, ನೀರು ಕುಡಿದ್ರೆ ಮಧ್ಯಾಹ್ನಕ್ಕೆ ವಾಪಸ್. ಪ್ಲಾಸ್ಟಿಕ್ ಒಳಗೆ ಬಿಸಿ ಆಚೆ ಹೋಗದೆ ಮೈ ಕಾದು ಆಸ್ಪತ್ರೆ ಸೇರ್ತೀಯ. ಚಳಿಯಲ್ಲಿ ಬಾಯಾರಿಕೆನೂ ಸರಿಯಾಗಿ ಗೊತ್ತಾಗಲ್ಲ, ಅದಕ್ಕೇ ನಾನು ಬಾಯಾರದಿದ್ರೂ ತಿರುವಿಗೊಂದು ಗುಟುಕು ಕುಡಿತೀನಿ.

ಫಿಟ್‌ನೆಸ್ ಬಗ್ಗೆ ನನ್ನ ಹತ್ರ ದೊಡ್ಡ ಪಾಠ ಇಲ್ಲ. ತುಳೀತಾ ತುಳೀತಾ ಪಕ್ಕದವರ ಜೊತೆ ಒಂದು ವಾಕ್ಯ ಪೂರ್ತಿ ಮಾತಾಡೋಕಾದ್ರೆ ಆ ವೇಗ ಸರಿ. ಎರಡು ಪದಕ್ಕೇ ಏದುಸಿರು ಬಂದ್ರೆ ಗೇರ್ ಇಳಿಸಿ. ಭಾರದ ಗೇರಲ್ಲಿ ಒದ್ದಾಡಿದ್ರೆ ಮಂಡಿ ಹೋಗುತ್ತೆ. ನಿಮಗೆ ಓಡೋಕೆ ಮಂಡಿ ನೋವು ಅಂದ್ರೂ ಸೈಕಲ್ ಆಗಬಹುದು, ಯಾಕಂದ್ರೆ ತೂಕದ ಬಹುಪಾಲು ಸೀಟ್ ಹೊರುತ್ತೆ. ಆಸ್ತಮಾ ಇರೋರಿಗೆ ತಣ್ಣನೆ ಗಾಳಿ ಉಸಿರು ಹಿಡಿಸಬಹುದು. ಅಂಥವರು, ಬಿಪಿ ಇರೋರು ಡಾಕ್ಟರ್ ಹತ್ರ ಮಾತಾಡ್ದೆ ಬೆಟ್ಟಕ್ಕೆ ಬರ್ಬೇಡಿ. ಎದೆ ನೋವು, ತಲೆಸುತ್ತು ಬಂದ್ರೆ ಯಾರು ನೋಡ್ತಿದಾರೆ ಅಂತ ನೋಡದೆ ನಿಲ್ಲಿಸಿ, ಜಿಪ್ ಬಿಚ್ಚಿ. ಇದನ್ನ ಹೇಳೋ ಅಧಿಕಾರ ನನಗಿದೆ.

"ಹಾಗಾದ್ರೆ ತೂಕ ಇಳಿಸೋದು ಬೇಡ ಅಂತೀಯಾ?" ಅಂತಾನೂ ಕೇಳಿದೀರಿ. ಹಾಗಂದಿಲ್ಲ. ಹೋದ ಡಿಸೆಂಬರಲ್ಲಿ 97 ಇದ್ದೆ, ಈಗ 94. ವರ್ಷಕ್ಕೆ ಮೂರು ಕೆಜಿ, ಯಾವ ಜಾಹೀರಾತಿಗೂ ಆಗೋ ಸುದ್ದಿ ಅಲ್ಲ. ಆದ್ರೆ ಜೆರ್ಸಿ ಹಾಕಿದ ಮೊದಲ ವಾರ ಬೆಟ್ಟದಲ್ಲಿ ಏಳು ಸಲ ನಿಂತಿದ್ದೆ, ಹೋದ ಭಾನುವಾರ ಎರಡೇ ಸಲ. ನಾನು ಲೆಕ್ಕ ಇಡೋದು ಇದನ್ನ. 80 ಕೆಜಿ ಆದ್ಮೇಲೆ ಒಳ್ಳೇ ಬಟ್ಟೆ ಹೊಲಿಸ್ತೀನಿ ಅಂತ ಕೂತಿದ್ರೆ ಇವತ್ತಿಗೂ ಹುಡಿ ಒಳಗೇ ಇರ್ತಿದ್ದೆ.

ಅಮ್ಮ ಇನ್ನೂ ಒಪ್ಪಿಲ್ಲ. ಇವತ್ತೂ ಗೇಟ್ ಹತ್ರ ಸ್ವೆಟರ್ ಹಿಡ್ಕೊಂಡು ನಿಂತಿದ್ರು. ತಗೊಂಡೆ, ಅಪ್ಪನ ಸ್ಕೂಟರ್ ಡಿಕ್ಕಿಗೆ ಹಾಕ್ದೆ. ಮೇಲೆ ಚಹಾ ಕುಡಿಯುವಾಗ ಅಪ್ಪ ಅದನ್ನ ಹಾಕ್ಕೊಂಡ್ರು. ಅವರಿಗೆ ಚೆನ್ನಾಗೇ ಕಾಣುತ್ತೆ.

ಬರೋ ಭಾನುವಾರ ಆರು ಗಂಟೆಗೆ ತಾವರೆಕಟ್ಟೆ ಹತ್ರ ಇರ್ತೀನಿ. ನಿಧಾನಕ್ಕೆ ಹೋಗೋದು, ನಿಂತು ನಿಂತು ಹೋಗೋದು. ಜೆರ್ಸಿ ಅಣ್ಣ ಇನ್ನೊಂದು ವಿಂಡ್‌ಚೀಟರ್ ಹೊಲಿದು ಕೊಟ್ಟಿದಾರೆ, ಟ್ರಿಪಲ್ ಎಕ್ಸ್‌ಎಲ್, ಗಿಳಿ ಹಸಿರು. ಸೈಜ್ ಸಿಗದೆ ಮನೇಲೇ ಕೂತಿರೋರು ಯಾರಾದ್ರೂ ಇದ್ರೆ ಡಿಎಂ ಮಾಡಿ, ತರ್ತೀನಿ.